ಹಳೆಯ ಕ್ರಾಲರ್ ಟ್ರ್ಯಾಕ್ಟರ್: ಕೆಳ ರೋಲರುಗಳಿಗೆ ಗ್ರೀಸ್ ಇಳಿಯುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಶೆಡ್ಡಿನಲ್ಲಿ ನಿಂತೇ ಇದ್ದ, 1950ರ ದಶಕದ ಒಂದು ಸಣ್ಣ ಕ್ರಾಲರ್ ಟ್ರ್ಯಾಕ್ಟರನ್ನು (ಗಾಲಿಗಳ ಬದಲು ಉಕ್ಕಿನ ಟ್ರ್ಯಾಕ್ ಪಟ್ಟಿಯ ಮೇಲೆ ಓಡುವಂಥದ್ದು) ಓಡುವ ಸ್ಥಿತಿಗೆ ತರುತ್ತಿದ್ದೇನೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಕೆಲಸ ಮುಗಿದಿದೆ. ತೊಂದರೆ ಇರುವುದು ಕೆಳ ರೋಲರುಗಳಲ್ಲಿ, ಅಂದರೆ ಯಂತ್ರದ ಭಾರ ಹೊತ್ತು ಟ್ರ್ಯಾಕಿನ ಮೇಲೆ ಉರುಳುವ ಸಣ್ಣ ಗಾಲಿಗಳಲ್ಲಿ. ಒಂದೊಂದು ಬದಿಗೆ ಐದು ರೋಲರುಗಳಿದ್ದು, ಪ್ರತಿಯೊಂದರ ಶಾಫ್ಟಿನ ಹೊರತುದಿಯಲ್ಲಿ ಗ್ರೀಸ್ ಹೊಡೆಯುವ ಒಂದು ನಿಪ್ಪಲ್ ಇದೆ. ಲಾರಿಗಳಿಗೆ ಬಳಸುವ ಮಾಮೂಲಿ ಚಾಸಿ ಗ್ರೀಸನ್ನು ಲಿವರ್ ಗನ್ನಿಗೆ ತುಂಬಿ ಹೊಡೆದೆ. ಬಲಬದಿಯ ಐದೂ ಸ್ವಲ್ಪ ಸ್ವಲ್ಪ ತೆಗೆದುಕೊಂಡವು. ಎಡಬದಿಯ ಎರಡನೆಯದು ಮತ್ತು ನಾಲ್ಕನೆಯದು ಏನನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಲಿವರಿನ ಮೇಲೆ ಮೈಭಾರ ಹಾಕಿದರೆ ಗ್ರೀಸ್ ನಿಪ್ಪಲಿನ ಪಕ್ಕದಿಂದ ಎರೆಹುಳುವಿನಂತೆ ಹೊರಬರುತ್ತಿತ್ತು. ಮೂರನೆಯದು ಇದಕ್ಕೆ ತದ್ವಿರುದ್ಧ. ಮೂವತ್ತಕ್ಕೂ ಹೆಚ್ಚು ಸಲ ಲಿವರ್ ಒತ್ತಿದರೂ ಬಿಗಿಯಾಗಲಿಲ್ಲ, ಬಗ್ಗಿ ನೋಡಿದಾಗ ಒಳಬದಿಯ ಕಾಲರಿನ ಸುತ್ತ ಹೊಸ ಗ್ರೀಸ್ ಉಕ್ಕಿ ನಿಂತಿತ್ತು.

ನಂತರ ಯಂತ್ರವನ್ನು ಸುಮಾರು ಒಂದು ಗಂಟೆ ನಿಧಾನವಾಗಿ ಓಡಿಸಿದೆ. ನಾಲ್ಕನೆಯ ರೋಲರ್ ಕೈ ಇಡಲಾಗದಷ್ಟು ಬಿಸಿಯಾಗಿದೆ, ಹಿಂದಕ್ಕೆ ಬರುವಾಗ ಅಲ್ಲಿಂದ ಕಬ್ಬಿಣ ಉಜ್ಜಿದಂಥ ಸದ್ದು ಬರುತ್ತದೆ. ಇನ್ನೂ ಬಲವಾದ ಗನ್ ತಂದು ಹೊಡೆದರೆ ದಾರಿ ಬಿಡುತ್ತದೆಯೇ? ದಯವಿಟ್ಟು ತಿಳಿಸಿ.

ಮೊದಲ ಉತ್ತರ

ದಯವಿಟ್ಟು ಬಲವಾದ ಗನ್ ತರಬೇಡಿ, ಯಂತ್ರವನ್ನೂ ಸದ್ಯಕ್ಕೆ ಓಡಿಸಬೇಡಿ. ಈ ರೋಲರುಗಳ ಒಳರಚನೆ ಒಮ್ಮೆ ಮನಸ್ಸಿಗೆ ಬಂದರೆ ನೀವು ಕಂಡ ಮೂರೂ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ.

ರೋಲರಿನಲ್ಲಿ ಶಾಫ್ಟ್ ತಿರುಗುವುದಿಲ್ಲ, ಅದು ಟ್ರ್ಯಾಕ್ ಫ್ರೇಮಿಗೆ ಬಿಗಿದಿರುತ್ತದೆ. ಅದರ ಸುತ್ತ ತಿರುಗುವುದು ಹೊರಗಿನ ಚಿಪ್ಪು ಮತ್ತು ಅದರೊಳಗೆ ಕೂರಿಸಿದ ಎರಡು ಕಂಚಿನ ಬುಷ್‌ಗಳು (ಶಾಫ್ಟಿನ ಮೇಲೆ ಜಾರುವ ಕೊಳವೆಯಂಥ ಭಾಗಗಳು). ನಿಪ್ಪಲಿನಿಂದ ಹೊರಟ ರಂಧ್ರ ಶಾಫ್ಟಿನ ಉದ್ದಕ್ಕೂ ಒಳಗೆ ಹೋಗಿ, ಅಲ್ಲಿ ಅಡ್ಡ ತಿರುಗಿ, ಬುಷ್‌ಗಳ ನಡುವಿನ ಪೊಳ್ಳು ಜಾಗಕ್ಕೆ ತೆರೆದುಕೊಳ್ಳುತ್ತದೆ. ಎರಡೂ ಕೊನೆಗಳಲ್ಲಿ ಸೀಲ್ ಇರುತ್ತದೆ. ನಿಮ್ಮ ಯಂತ್ರದ ಕಾಲದ ಅನೇಕ ರೋಲರುಗಳಲ್ಲಿ ಈ ಸೀಲ್ ತೆಳುವಾದ ಬೆಲ್ಲೋಸ್ ಮಾದರಿಯದು: ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳಿದ್ದು, ಸ್ಪ್ರಿಂಗಿನ ಒತ್ತಡದಿಂದ ಅದರ ಮುಖ ಎದುರಿನ ವಾಷರಿಗೆ ಅಂಟಿಕೊಂಡಿರುತ್ತದೆ. ಹೊರಗಿನ ಕೆಸರನ್ನು ತಡೆಯುವ ಶಕ್ತಿ ಅದಕ್ಕಿದೆ, ಒಳಗಿನಿಂದ ಬರುವ ಭಾರೀ ಒತ್ತಡವನ್ನು ತಾಳುವ ಶಕ್ತಿ ಇಲ್ಲ. ಕೈ ಲಿವರ್ ಗನ್ ಕೂಡ ಹಲವು ಸಾವಿರ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹುಟ್ಟಿಸಬಲ್ಲದು. ನಿಮ್ಮ ಮೂರನೆಯ ರೋಲರಿನಲ್ಲಿ ಆಗಿರುವುದು ಬಹುಶಃ ಇದೇ; ಸೀಲ್ ಮೊದಲೇ ಸೋತಿತ್ತೋ, ಈಗ ಹರಿಯಿತೋ ಎಂಬುದು ಬಿಚ್ಚಿದ ಮೇಲೆಯೇ ಗೊತ್ತಾಗಬೇಕು. ಗ್ರೀಸ್ ಹೊರಬಂದ ದಾರಿಯಲ್ಲೇ ಮಣ್ಣು ಮತ್ತು ನೀರು ಒಳಗೆ ಹೋಗುತ್ತವೆ ಎಂಬುದನ್ನು ಮರೆಯಬೇಡಿ.

ಇನ್ನು ಏನನ್ನೂ ತೆಗೆದುಕೊಳ್ಳದ ಎರಡು ರೋಲರುಗಳ ವಿಷಯ. ಗ್ರೀಸ್ ಎಂದರೆ ಎಣ್ಣೆಯನ್ನು ಸೋಪಿನಂಥ ಪದಾರ್ಥ ಹಿಡಿದಿಟ್ಟುಕೊಂಡ ಮಿಶ್ರಣ. ವರ್ಷಗಟ್ಟಲೆ ನಿಂತಾಗ ಎಣ್ಣೆ ಜಿನುಗಿ ಹೋಗುತ್ತದೆ, ಸೋಪು ಮಾತ್ರ ಗಟ್ಟಿಯಾಗಿ ಕಿರಿದಾದ ರಂಧ್ರದಲ್ಲಿ ಬಿರಡೆಯಂತೆ ಕೂರುತ್ತದೆ. ಹಿಂದೆ ಯಾರೋ ನಿಮ್ಮಂತೆಯೇ ಚಾಸಿ ಗ್ರೀಸ್ ಹೊಡೆದಿದ್ದಾರೆ ಎಂದು ನನ್ನ ಊಹೆ. ಎರಡು ಪರೀಕ್ಷೆ ಮಾಡಿ ತಿಳಿಸಿ. ನಿಪ್ಪಲನ್ನು ಬಿಚ್ಚಿ, ಗನ್ನಿಗೆ ಹಾಕಿ ಹೊರಗೇ ಒತ್ತಿ ನೋಡಿ. ಗ್ರೀಸ್ ಸಲೀಸಾಗಿ ಬಂದರೆ ನಿಪ್ಪಲ್ ಸರಿಯಿದೆ, ದೋಷ ಶಾಫ್ಟಿನ ರಂಧ್ರದಲ್ಲಿದೆ ಎಂದರ್ಥ. ಆಮೇಲೆ ತೆಳುವಾದ ತಂತಿಯನ್ನು ರಂಧ್ರಕ್ಕೆ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಪೂರ್ತಿ ಕೆರೆದು ಒರೆಸಿರಬೇಕು. ಅಲ್ಲಿಂದ ಬಿದ್ದ ಒಂದು ಚಿಟಿಕೆ ಮರಳೂ ನೇರವಾಗಿ ಬುಷ್‌ಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ಮಾಡಿದೆ. ಎರಡೂ ನಿಪ್ಪಲುಗಳು ಸರಿಯಾಗಿವೆ. ಎರಡನೆಯ ರೋಲರಿನ ರಂಧ್ರದಲ್ಲಿ ತಂತಿ ಎರಡು ಬೆರಳಗಲ ಹೋಗಿ ನಿಂತಿತು. ತಂತಿಯ ತುದಿಗೆ ಅಂಟಿಕೊಂಡು ಬಂದ ಪದಾರ್ಥ ಕಪ್ಪಾಗಿದೆ. ಉಗುರಿನಲ್ಲಿ ಒತ್ತಿದರೆ ಹಳೆಯ ಮೇಣದಂತೆ ಪುಡಿಯಾಗುತ್ತದೆ, ಬೆರಳಿಗೆ ಜಿಡ್ಡೇ ಹತ್ತುವುದಿಲ್ಲ. ನಾಲ್ಕನೆಯದರಲ್ಲಿಯೂ ಅದೇ ಪದಾರ್ಥ, ಆದರೆ ಅದರಲ್ಲಿ ಬಿಸಿಲಿಗೆ ಹಿಡಿದಾಗ ಮಿನುಗುವ ಹಳದಿ ಕಣಗಳಿವೆ. ಗ್ಯಾಸ್ ಟಾರ್ಚಿನಿಂದ ರೋಲರನ್ನು ಕಾಯಿಸಿದರೆ ಈ ಮೇಣ ಕರಗುತ್ತದೆ ಎಂದು ಪರಿಚಯದ ಫಿಟ್ಟರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಮೊದಲ ಉತ್ತರ ನೀಡಿದವರು

ಬೆಂಕಿ ಖಂಡಿತ ಬೇಡ. ಎರಡೂ ಕಡೆ ಮುಚ್ಚಿರುವ ಚಿಪ್ಪಿನೊಳಗೆ ಎಣ್ಣೆ ಆವಿಯಾಗಿ ಒತ್ತಡ ಏರಿದರೆ ರೋಲರ್ ಸಿಡಿಯಬಹುದು. ಎದುರಿಗೆ ಬಗ್ಗಿ ಕುಳಿತವರ ಗತಿ ಏನಾದೀತು ಎಂದು ಆ ಫಿಟ್ಟರಿಗೂ ತಿಳಿಸಿ.

ಎರಡನೆಯ ರೋಲರನ್ನು ತಾಳ್ಮೆಯಿಂದ ಬಿಡಿಸಬಹುದು. ತಂತಿಯ ತುದಿಯನ್ನು ಸಣ್ಣ ಕೊಕ್ಕೆಯಂತೆ ಬಗ್ಗಿಸಿ, ಒಳಕ್ಕೆ ತಳ್ಳದೆ ಹೊರಕ್ಕೆ ಕೆರೆಯುತ್ತಾ ಬನ್ನಿ. ಪ್ರತಿ ಸಲ ಕೆರೆದ ಮೇಲೆ ಸಿರಿಂಜಿನಿಂದ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಅಡ್ಡ ರಂಧ್ರ ತೆರೆದುಕೊಂಡಾಗ ಬಿಟ್ಟ ಸೀಮೆಎಣ್ಣೆಯ ಮಟ್ಟ ತಾನಾಗಿಯೇ ಕೆಳಗಿಳಿಯುತ್ತದೆ, ಅದೇ ಗುರುತು. ಆಮೇಲೆ ತೆಳುವಾದ ಎಣ್ಣೆಯನ್ನು ಸಣ್ಣ ಕೈಪಂಪಿನಿಂದ, ಹೆಚ್ಚು ಒತ್ತದೆ, ಒಳಗೆ ಕಳಿಸಿ. ಆ ಬದಿಯನ್ನು ಜಾಕ್ ಹಾಕಿ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಸಡಿಲಗೊಂಡ ರೋಲರನ್ನು ಕೈಯಿಂದಲೇ ತಿರುಗಿಸುತ್ತಾ ಹಳೆಯದನ್ನು ಹೊರಹಾಕಿ. ಬರೀ ಜಾಕ್ ನಂಬಿ ಟ್ರ್ಯಾಕಿನ ಅಡಿಗೆ ಕೈ ಹಾಕಬೇಡಿ.

ನಾಲ್ಕನೆಯದರ ಹಳದಿ ಕಣಗಳು ಕಂಚು, ಅಂದರೆ ಬುಷ್ ಆಗಲೇ ತಿನ್ನಿಸಿಕೊಂಡಿದೆ. ಅದನ್ನೂ ಮೂರನೆಯದನ್ನೂ ಇಳಿಸಿ ಬಿಚ್ಚದೆ ಬೇರೆ ದಾರಿ ಇಲ್ಲ.

ಇನ್ನೊಬ್ಬರ ಉತ್ತರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಮುಂದೆ ಯಾವುದನ್ನು ತುಂಬಬೇಕು ಎಂಬುದರ ಬಗ್ಗೆ ಮಾತ್ರ ಬರೆಯುತ್ತೇನೆ. ಚಾಸಿ ಗ್ರೀಸ್ ಸಾಮಾನ್ಯವಾಗಿ ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಶ್ರೇಣಿ) 2ನೆಯ ದರ್ಜೆಯದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಸೆಕೆಂಡು ಶಂಕುವನ್ನು ಇಳಿಬಿಡುವ ಪರೀಕ್ಷೆಯಲ್ಲಿ ಅದು 265ರಿಂದ 295ರವರೆಗೆ ಮಾತ್ರ ಒಳಗೆ ಬಿಡುತ್ತದೆ. 00 ದರ್ಜೆಯದು 400ರಿಂದ 430ರವರೆಗೆ. ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ. ಅಂಕಿ ಬೇಡವೆನಿಸಿದರೆ ಡಬ್ಬಿಯನ್ನು ಓರೆ ಮಾಡಿ ನೋಡಿ: 2ನೆಯ ದರ್ಜೆಯದು ಬೆಣ್ಣೆಯಂತೆ ಇದ್ದಲ್ಲೇ ಇರುತ್ತದೆ, 00 ಗಟ್ಟಿ ಗಂಜಿಯಂತೆ ಮೆಲ್ಲಗೆ ಹರಿಯುತ್ತದೆ. ರೋಲರಿಗೆ ಬೇಕಾಗಿರುವುದು ಈ ಹರಿಯುವ ಗುಣ. ಗಟ್ಟಿ ಗ್ರೀಸಿನಲ್ಲಿ ಬುಷ್ ತಿರುಗುತ್ತಾ ತನಗೊಂದು ಓಣಿ ಕೊರೆದುಕೊಳ್ಳುತ್ತದೆ. ಪಕ್ಕಕ್ಕೆ ಸರಿದ ಗ್ರೀಸ್ ಮರಳಿ ಬರುವುದಿಲ್ಲ, ಆದ್ದರಿಂದ ರೋಲರ್ ತುಂಬಿದ್ದರೂ ಬುಷ್ ಒಣಗಿಯೇ ಓಡುತ್ತದೆ.

ಕೆಲವರು ಎಸ್‌ಎಇ 140 ಗೇರ್ ಎಣ್ಣೆ ತುಂಬುತ್ತಾರೆ. ಸೀಲ್ ಚೆನ್ನಾಗಿದ್ದರೆ ಅದೂ ನಡೆಯುತ್ತದೆ, ಆದರೆ ಸಕ್ರಿಯ ಗಂಧಕದ ಇಪಿ (ಭಾರೀ ಒತ್ತಡ ತಾಳಿಸುವ) ಸೇರ್ಪಡೆ ಇರುವ ಎಣ್ಣೆ ಬಿಸಿಯಲ್ಲಿ ಕಂಚನ್ನು ತಿನ್ನಬಲ್ಲದು. ಹಳದಿ ಲೋಹಗಳಿಗೆ ಸುರಕ್ಷಿತ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಆರಿಸಿ. ಸೋರುವ ಸೀಲಿಗೆ ಗಟ್ಟಿ ಗ್ರೀಸ್ ಹೊಡೆದು ಸೋರಿಕೆ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಹಾಗೆ ಮಾಡಿದ ಐಡ್ಲರಿನ (ಟ್ರ್ಯಾಕಿನ ಮುಂತುದಿಯ ದೊಡ್ಡ ಗಾಲಿ) ಬುಷ್ ಅನ್ನು ಒಂದು ಹಂಗಾಮು ಮುಗಿಯುವ ಮೊದಲೇ ಬದಲಿಸಬೇಕಾಯಿತು.

ಟ್ರ್ಯಾಕ್ ಚೈನಿನ ಪಿನ್ನುಗಳಿಗೆ ಮೇಲಿನಿಂದ ಎಣ್ಣೆ ಹಚ್ಚಬೇಡಿ. ನಿಮ್ಮ ಯಂತ್ರದ ಕಾಲದ ಚೈನು ಒಣಗಿಯೇ ಓಡುವಂತೆ ಮಾಡಿದ್ದು. ಎಣ್ಣೆಗೆ ಅಂಟಿದ ಮಣ್ಣು ಸಾಣೆಯ ಕೆಲಸ ಮಾಡುತ್ತದೆ. ಟ್ರ್ಯಾಕ್ ಬಿಗಿಮಾಡುವ ಭಾಗದಲ್ಲಿ ಗ್ರೀಸ್ ಸಿಲಿಂಡರ್ ಇದ್ದರೆ ಅದರ ನಿಪ್ಪಲನ್ನು ರೋಲರಿನದೆಂದು ತಿಳಿದು ಬಿಚ್ಚಬೇಡಿ, ಅಲ್ಲಿನ ಗ್ರೀಸ್ ಚರ್ಮವನ್ನೇ ತೂರಿಕೊಂಡು ಹೋಗುವಷ್ಟು ಒತ್ತಡದಲ್ಲಿರುತ್ತದೆ.

ಪ್ರಶ್ನೆ ಕೇಳಿದವರು

ಎರಡನೆಯದು ನಾಲ್ಕನೆಯ ದಿನ ಬೆಳಿಗ್ಗೆ ಬಿಟ್ಟುಕೊಂಡಿತು. ರಂಧ್ರದ ಬಾಯಿಯವರೆಗೆ ತುಂಬಿಟ್ಟಿದ್ದ ಸೀಮೆಎಣ್ಣೆ ಪೂರ್ತಿ ಇಳಿದುಹೋಗಿತ್ತು. 00 ದರ್ಜೆಯ ಗ್ರೀಸ್ ಈಗ ಕೈಪಂಪಿನಿಂದ ಸರಾಗವಾಗಿ ಹೋಗುತ್ತಿದೆ, ರೋಲರ್ ಒಂದು ಕೈಯಲ್ಲಿ ತಿರುಗುತ್ತದೆ.

ಟ್ರ್ಯಾಕ್ ಸಡಿಲಿಸಿ ಮೂರು ಮತ್ತು ನಾಲ್ಕನ್ನು ಇಳಿಸಿದೆ. ಮೂರನೆಯದರ ಒಳಸೀಲಿನ ಬೆಲ್ಲೋಸ್ ಒಂದು ಮಡಿಕೆಯ ಉದ್ದಕ್ಕೂ ಸೀಳಿದೆ. ಸೀಳಿನ ಅಂಚು ಹೊಳೆಯುತ್ತಿದೆ, ಅಂದರೆ ಇದು ನನ್ನ ಗನ್ನಿನಿಂದಲೇ ಆದದ್ದು. ಬುಷ್ ಮತ್ತು ಶಾಫ್ಟ್ ನಯವಾಗಿವೆ. ನಾಲ್ಕನೆಯದರ ಶಾಫ್ಟಿನ ಅಡಿಭಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳಿವೆ, ಮೇಲ್ಭಾಗ ಮಾತ್ರ ಹೊಸದರಂತಿದೆ. ಬಲಬದಿಯ ಐದು ರೋಲರುಗಳು ಚಾಸಿ ಗ್ರೀಸನ್ನು ತೆಗೆದುಕೊಂಡಿದ್ದರಿಂದ ಅವುಗಳನ್ನು ಹಾಗೆಯೇ ಬಿಡಬಹುದೇ?

ಮೊದಲ ಉತ್ತರ ನೀಡಿದವರು

ಯಂತ್ರದ ಭಾರವೆಲ್ಲ ಶಾಫ್ಟಿನ ಅಡಿಭಾಗದ ಮೇಲೆಯೇ ಬೀಳುವುದರಿಂದ ಸವೆತವೂ ಅಲ್ಲಿಯೇ ಕಾಣುತ್ತದೆ. ನಾಲ್ಕನೆಯದಕ್ಕೆ ಶಾಫ್ಟ್, ಬುಷ್, ಸೀಲ್ ಮೂರನ್ನೂ ಹೊಸದಾಗಿ ಹಾಕಿ. ಮೂರನೆಯದಕ್ಕೆ ಎರಡೂ ಬದಿಯ ಸೀಲ್ ಸಾಕು. ಚೈನು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಂಚು ಒಂದೇ ಇರುವ ರೋಲರುಗಳೂ ಎರಡಿರುವ ರೋಲರುಗಳೂ ಬೆರೆತಿರುತ್ತವೆ, ಆದ್ದರಿಂದ ಇಳಿಸಿದ ಜಾಗಕ್ಕೇ ಮರಳಿ ಕೂರಿಸಿ.

ಬಲಬದಿಯನ್ನು ಹಾಗೆಯೇ ಬಿಡಬೇಡಿ. ಎಡಬದಿಯಲ್ಲಿ ನೀವು ಕೆರೆದು ತೆಗೆದ ಮೇಣ ಒಂದು ಕಾಲಕ್ಕೆ ಹೀಗೆಯೇ ಸುಲಭವಾಗಿ ಒಳಗೆ ಹೋದ ಗ್ರೀಸ್ ಆಗಿತ್ತು. ಅರ್ಧ ಗಂಟೆ ಓಡಿಸಿ ರೋಲರುಗಳು ಬೆಚ್ಚಗಾದ ಮೇಲೆ, ಒಂದೊಂದನ್ನೇ ತೆಳು ಎಣ್ಣೆಯಿಂದ ತೊಳೆದು, 00 ದರ್ಜೆಯದನ್ನು ಕೈಪಂಪಿನಿಂದ ತುಂಬಿ. ಆಮೇಲೆ ಐದನ್ನೂ ಮುಟ್ಟಿ ಹೋಲಿಸಿ, ಪಕ್ಕದವುಗಳಿಗಿಂತ ಯಾವುದಾದರೂ ಹೆಚ್ಚು ಬಿಸಿಯಾಗಿದ್ದರೆ ಅದರ ಸ್ಥಾನ ತಿಳಿಸಿ.