ಬೆನ್ನು ನೆಲಕ್ಕೆ ತಾಗಿದ ಮೇಲೆ

ಕನ್ನಡ ರಾತ್ರಿ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಮುಂಬಯಿ

ಪುಷ್ಪಾ (ಡೊಂಬಿವಲಿ), ರಾತ್ರಿ 8:41
ಫಾರ್ವರ್ಡ್ ಆಗಿ ಬಂದ ವಿಡಿಯೋದ ಒಕ್ಕಣೆ: "ಬೀದಿ ಜಗಳಗಳಲ್ಲಿ ನೂರಕ್ಕೆ 90 ನೆಲದ ಮೇಲೆಯೇ ಮುಗಿಯುತ್ತವೆ. ನೆಲದ ಮೇಲೆ ಕಾದಾಡಲು ಕಲಿಸುವುದು ಬ್ರೆಜಿಲಿಯನ್ ಜಿಯು-ಜಿತ್ಸು ಒಂದೇ. ಕರಾಟೆ, ಜೂಡೋ, ಕುಸ್ತಿ ಎಲ್ಲವೂ ಬರಿಯ ಆಟ. ನಿಮ್ಮ ಮಗಳನ್ನು ಇಂದೇ ಸೇರಿಸಿ."

ಇದನ್ನು ಕಳುಹಿಸಿದವಳು ನನ್ನ ಮಗಳೇ. ಈ ವರ್ಷದಿಂದ ಅವಳು ಚರ್ಚ್‌ಗೇಟ್ ಬಳಿಯ ಕಾಲೇಜಿಗೆ ಹೋಗುತ್ತಿದ್ದಾಳೆ. ದಾದರಿನಲ್ಲಿ ಗಾಡಿ ಬದಲಾಯಿಸಿ ಮನೆ ಸೇರುವಾಗ ಕೆಲವು ದಿನ ರಾತ್ರಿ ಒಂಬತ್ತೂವರೆ ಆಗುತ್ತದೆ. ಈ ತರಗತಿಗೆ ಸೇರಿಸು ಎಂದು ವಾರದಿಂದ ಹಟ ಹಿಡಿದಿದ್ದಾಳೆ. ಈ ವಿದ್ಯೆಗಳನ್ನು ಬಲ್ಲವರು ಗುಂಪಿನಲ್ಲಿದ್ದೀರಿ, ದಯವಿಟ್ಟು ತಿಳಿದದ್ದನ್ನು ಹೇಳಿ.

ಸದಾನಂದ (ಮುಲುಂಡ್), ರಾತ್ರಿ 8:58
ಪುಷ್ಪಾ, ಈ ವಿಡಿಯೋವನ್ನು ನಂಬಿ ದುಡ್ಡು ಕಟ್ಟಬೇಡ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆ ಮುಗಿಸಿ, ಬೆಳಗಿನ ಜಾವ ಮೈದಾನದಲ್ಲಿ ಕರಾಟೆ ಕಲಿತವನು ನಾನು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಲೂ ಇದ್ದೇನೆ. ವಿಡಿಯೋದಲ್ಲಿ ಕೆಳಗೆ ಮೆತ್ತನೆಯ ಮ್ಯಾಟ್ ಇದೆ, ಎದುರಾಳಿ ಒಬ್ಬನೇ, ಅವನ ಕೈಯಲ್ಲಿ ಏನೂ ಇಲ್ಲ. ದಾದರಿನಲ್ಲಿ ಇರುವುದು ಕಲ್ಲು ಹಾಸು, ಮಳೆಗಾಲದಲ್ಲಿ ಜಾರುವ ಮೆಟ್ಟಿಲು. ಒಬ್ಬನ ಹಿಂದೆ ಇನ್ನೊಬ್ಬ ಇರುತ್ತಾನೆ. ಒಬ್ಬನ ಕೈ ತಿರುಚುತ್ತ ನೆಲದಲ್ಲಿ ಮಲಗಿದ್ದರೆ ಎರಡನೆಯವನು ಬಂದು ತಲೆಗೆ ಒದೆಯುತ್ತಾನೆ. ಅಂತರ ಕಾಯ್ದುಕೊಳ್ಳುವುದು, ಗುರಿಯಿಟ್ಟು ಒಂದು ಏಟು ಕೊಡುವುದು, ಕೊಟ್ಟ ಮರುಕ್ಷಣ ಓಡುವುದು, ಹೆಣ್ಣುಮಗಳಿಗೆ ಬೇಕಾದದ್ದು ಇಷ್ಟೇ, ಮತ್ತು ಕರಾಟೆ ಇದನ್ನೇ ಕಲಿಸುತ್ತದೆ.

ವಿಠ್ಠಲ (ಪುಣೆ), ರಾತ್ರಿ 9:14
ಕುಸ್ತಿಯನ್ನು ಬರಿಯ ಆಟ ಎಂದು ಬರೆದವನು ಗರಡಿಯ ಮಣ್ಣು ಮೆಟ್ಟಿದವನಲ್ಲ. ಬೆಳಗಾವಿ ಕಡೆಯ ನಮ್ಮ ಊರಿನ ಗರಡಿಯಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡುತ್ತಿದ್ದೆವು. ಆ ಮಣ್ಣಿನಲ್ಲಿ ದಿನವೂ ಜೋರ್, ಎಂದರೆ ಜೊತೆಗಾರನೊಡನೆ ಅಭ್ಯಾಸದ ಕುಸ್ತಿ, ಮಾಡಿದವನ ಕಾಲನ್ನು ನೆಲದಿಂದ ಎತ್ತುವುದು ಸುಲಭವಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಿಂದ ಕಂಚು ತಂದದ್ದು ಇಂತಹ ಮಣ್ಣಿನಿಂದ ಎದ್ದು ಹೋಗಿ. ಜಿಯು-ಜಿತ್ಸುವಿನವರು ಹೆಮ್ಮೆಯಿಂದ ಹೇಳಿಕೊಳ್ಳುವ, ಬೇರೆ ಬೇರೆ ವಿದ್ಯೆಯವರು ಒಬ್ಬರೊಡನೊಬ್ಬರು ಸೆಣಸುವ ಯುಎಫ್‌ಸಿ ಪಂದ್ಯಗಳಲ್ಲೂ ಕೆಲವೇ ವರ್ಷಗಳಲ್ಲಿ ಕುಸ್ತಿಯವರದೇ ಮೇಲುಗೈ ಆಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಾಡಿದ್ದ ಅಮೆರಿಕದ ಮಾರ್ಕ್ ಕೋಲ್ಮನ್ 1996ರಲ್ಲಿ ಯುಎಫ್‌ಸಿಯ ಎರಡು ಟೂರ್ನಿಗಳನ್ನು ಗೆದ್ದ. ಕೆಳಗೆ ಬೀಳದವನಿಗೆ ಕೆಳಗೆ ಬಿದ್ದವನ ವಿದ್ಯೆ ಏತಕ್ಕೆ?

ಸುಮತಿ (ಮಾಟುಂಗಾ), ರಾತ್ರಿ 9:52
ಸದಾನಂದಣ್ಣ, ವಿಠ್ಠಲಣ್ಣ, ನೀವಿಬ್ಬರೂ ನನಗಿಂತ ಹಿರಿಯರು, ನಿಮ್ಮ ಸಾಧನೆಯೂ ದೊಡ್ಡದು. ಆದರೂ ಪುಷ್ಪಕ್ಕನ ಮಗಳ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದು ನನಗೆ ತೋರುತ್ತದೆ.

ಮೊದಲು ಆ 90ರ ಲೆಕ್ಕ. ಜಿಯು-ಜಿತ್ಸುವಿನ ಪ್ರಚಾರದಲ್ಲಿ ಈ ಅಂಕಿ ಬಹಳ ವರ್ಷಗಳಿಂದ ಸುತ್ತುತ್ತಿದೆ. ಇದಕ್ಕೆ ಆಧಾರವೆಂದು ತೋರಿಸುವುದು ಲಾಸ್ ಏಂಜಲೀಸ್ ಪೊಲೀಸರ 1988ರ ಬಲಪ್ರಯೋಗದ ವರದಿಗಳ ಅಧ್ಯಯನವನ್ನು. ಅದರಲ್ಲಿದ್ದ ಅಂಕಿ ಶೇಕಡಾ 62ರ ಆಸುಪಾಸು, ಅದೂ ಪೊಲೀಸನೂ ಆರೋಪಿಯೂ ನೆಲಕ್ಕೆ ಬಿದ್ದು, ಪೊಲೀಸನು ಕೈಕೋಳ ತೊಡಿಸಿದ ಪ್ರಸಂಗಗಳದ್ದು. ಹಿಡಿದು ಒಯ್ಯಬೇಕಾದವನ ಕೆಲಸ ಬೇರೆ, ಬಿಡಿಸಿಕೊಂಡು ಹೋಗಬೇಕಾದವಳ ಕೆಲಸ ಬೇರೆ. ಆದ್ದರಿಂದ ಆ ಒಕ್ಕಣೆಯನ್ನು ಪಕ್ಕಕ್ಕಿಟ್ಟು ಮಾತನಾಡೋಣ.

ಎರಡು ವರ್ಷಗಳ ಹಿಂದೆ ನನಗೆ ಆದದ್ದನ್ನು ಈ ಗುಂಪಿನಲ್ಲಿ ಹೇಳಿರಲಿಲ್ಲ. ಸಂಜೆ ರೈಲ್ವೆ ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಒಬ್ಬ ನನ್ನ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದ, ನಾನು ಅಂಗಾತ ಬಿದ್ದೆ. ಹದಿನೈದನೆಯ ವಯಸ್ಸಿನಿಂದ ಜೂಡೋ ಕಲಿತ ಮೈ ಆಗ ತಾನಾಗಿ ಕೆಲಸ ಮಾಡಿತು: ಗದ್ದ ಎದೆಗೆ ಒತ್ತಿತು, ಬೆನ್ನು ದುಂಡಗಾಯಿತು, ಅಂಗೈಯಿಂದ ಮೊಣಕೈಯವರೆಗೆ ಇಡೀ ತೋಳು ನೆಲಕ್ಕೆ ಬಡಿಯಿತು, ತಲೆ ಕಲ್ಲಿಗೆ ತಾಗಲೇ ಇಲ್ಲ. ಜೂಡೋದವರು ಇದನ್ನು ಉಕೆಮಿ ಎನ್ನುತ್ತಾರೆ, ಮೊದಲ ದಿನ ಕಲಿಸುವುದೇ ಇದನ್ನು. ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆದರೆ ಅವನು ಬ್ಯಾಗನ್ನು ಬಿಟ್ಟಿರಲಿಲ್ಲ, ನನ್ನ ಮೇಲೆ ಬಾಗಿದ್ದ. ಆಗ ನಾನು ಮಾಡಿದ್ದೇನೆಂದರೆ, ಹೊಟ್ಟೆಯಡಿಗೆ ಕೈಕಾಲು ಮುದುಡಿಕೊಂಡು ಬೋರಲಾದೆ. ಪಂದ್ಯದಲ್ಲಿ ಹಾಗೆ ಆಮೆಯಂತೆ ಮುದುಡಿಕೊಂಡರೆ ಸ್ವಲ್ಪ ಹೊತ್ತಿಗೆ ರೆಫರಿ "ಮಾತ್ತೆ" ಎಂದು ನಿಲ್ಲಿಸಿ ಇಬ್ಬರನ್ನೂ ಎಬ್ಬಿಸುತ್ತಾನೆ. ಆ ಮೆಟ್ಟಿಲಿನ ಮೇಲೆ ರೆಫರಿ ಇರಲಿಲ್ಲ. ಅವನು ಬೆನ್ನಿನ ಮೇಲೆ ಮಂಡಿಯೂರಿ, ನನ್ನ ಮುಖ ಕಲ್ಲಿಗೆ ಒತ್ತಿ, ಬ್ಯಾಗ್ ಕಿತ್ತುಕೊಂಡು ಹೋದ. ನನ್ನ ತಲೆ ಉಳಿಸಿದ್ದು ಜೂಡೋ; ಅವನಿಗೆ ನನ್ನ ಬೆನ್ನು ಒಪ್ಪಿಸಿದ್ದೂ ಜೂಡೋ ಪಂದ್ಯದ ಅಭ್ಯಾಸವೇ.

ಆ ಮೇಲೆ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಬಿಳಿ ಬೆಲ್ಟ್ ಕಟ್ಟಿಕೊಂಡು ಜಿಯು-ಜಿತ್ಸು ತರಗತಿಗೆ ಸೇರಿದೆ.

ಪುಷ್ಪಾ, ರಾತ್ರಿ 9:57
ಸುಮತಿ, ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲ. ಓದಿ ಕೈಕಾಲು ತಣ್ಣಗಾಯಿತು.

ವಿಠ್ಠಲ, ರಾತ್ರಿ 10:05
ತಂಗಿ, ಓದಿ ಸಂಕಟವಾಯಿತು. ಆದರೆ ಬೋರಲಾದದ್ದು ತಪ್ಪೆಂದು ನಾನು ಒಪ್ಪಲಾರೆ. ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಬೆನ್ನು ಕೊಡದೆ ಹೊಟ್ಟೆಯ ಮೇಲೆ ಬೀಳುವುದನ್ನು ನಮಗೆ ಉಸ್ತಾದರು ಮೊದಲು ಕಲಿಸುತ್ತಿದ್ದರು.

ಸುಮತಿ, ರಾತ್ರಿ 10:31
ವಿಠ್ಠಲಣ್ಣ, ನನ್ನ ಮಾತಿನ ತಿರುಳು ಇರುವುದು ಅಲ್ಲಿಯೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು, ಬೀಳುವುದೇ ಸೋಲು ಎಂದು ನಾವು ಅಷ್ಟು ಗಟ್ಟಿಯಾಗಿ ನಂಬಿದ್ದರಿಂದ. ಕುಸ್ತಿಯ ನಿಯಮದಲ್ಲಿ ಚಿತ್ ಆದರೆ ಮುಗಿಯಿತು, ಜೂಡೋದಲ್ಲಿ 20 ಸೆಕೆಂಡು ಅಂಗಾತ ಅದುಮಿ ಹಿಡಿದರೆ ಮುಗಿಯಿತು. ಹೆಣ್ಣುಮಗಳು ರಾತ್ರಿ ಹೊತ್ತು ಹೆದರುವ ಸ್ಥಿತಿಯಾದರೋ ಸರಿಯಾಗಿ ಇದೇ: ಬೆನ್ನು ನೆಲಕ್ಕೆ ತಾಗಿದೆ, ಮೇಲೆ ತನಗಿಂತ ತೂಕದವನೊಬ್ಬ ಇದ್ದಾನೆ. ನಮ್ಮ ಎರಡೂ ವಿದ್ಯೆಗಳ ಪಾಠ ಮುಗಿಯುವ ಜಾಗದಿಂದ ಅವಳ ಕಷ್ಟ ಶುರುವಾಗುತ್ತದೆ. ಜಿಯು-ಜಿತ್ಸು ಅಂಗಾತ ಬಿದ್ದ ಸ್ಥಿತಿಯನ್ನು ಸೋಲೆಂದು ಎಣಿಸದೆ, ಕಾಲುಗಳನ್ನು ಎದುರಾಳಿಗೂ ತನಗೂ ನಡುವೆ ಬೇಲಿಯಂತೆ ಇಟ್ಟು ಅಲ್ಲಿಂದಲೇ ಕಾದಾಡಲು ಕಲಿಸುತ್ತದೆ. ಇದಕ್ಕೆ ಗಾರ್ಡ್ ಎನ್ನುತ್ತಾರೆ. 1994ರ ಡಿಸೆಂಬರಿನಲ್ಲಿ ಯುಎಫ್‌ಸಿ ಪಂದ್ಯವೊಂದರಲ್ಲಿ ಜಿಯು-ಜಿತ್ಸುವಿನ ರಾಯ್ಸ್ ಗ್ರೇಸಿ ತನಗಿಂತ 30 ಕಿಲೋಗೂ ಹೆಚ್ಚು ತೂಕದ ಕುಸ್ತಿಪಟು ಡ್ಯಾನ್ ಸೆವರ್ನ್‌ನ ಅಡಿಯಲ್ಲಿ, ಹದಿನೈದು ನಿಮಿಷಕ್ಕೂ ಹೆಚ್ಚು ನಡೆದ ಪಂದ್ಯದ ಬಹುಪಾಲು ಹೊತ್ತು ಸಿಕ್ಕಿಬಿದ್ದು, ಕೊನೆಗೆ ಅಂಗಾತ ಮಲಗಿದ್ದಲ್ಲಿಂದಲೇ ಕಾಲುಗಳಿಂದ ಅವನ ಕುತ್ತಿಗೆ ಬಿಗಿದು ಸೋಲೊಪ್ಪಿಸಿದ.

ಈ ವಿದ್ಯೆ ಆಕಾಶದಿಂದ ಬಿದ್ದದ್ದಲ್ಲ ಎಂಬುದನ್ನೂ ಹೇಳಬೇಕು. 1882ರಲ್ಲಿ ಟೋಕಿಯೋದಲ್ಲಿ ಜಿಗೊರೊ ಕಾನೊ ಕೊಡೊಕಾನ್ ಎಂಬ ಶಾಲೆ ತೆರೆದು ಜೂಡೋ ಆರಂಭಿಸಿದರು. ಅಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಗ್ರೇಸಿ ಮನೆತನದ ಹುಡುಗನಿಗೆ ಕಲಿಸಿದರು. ಅಂದರೆ ನಾನು ಮುವ್ವತ್ತು ವರ್ಷ ಕಲಿತದ್ದರ ಮೊಮ್ಮಗುವನ್ನೇ ಈಗ ಕಲಿಯುತ್ತಿದ್ದೇನೆ. ಆ ಮೊಮ್ಮಗು ಅಜೇಯವೂ ಅಲ್ಲ. 1951ರಲ್ಲಿ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜೂಡೋದ ಮಸಾಹಿಕೊ ಕಿಮುರಾ ಹೆಲಿಯೊ ಗ್ರೇಸಿಯ ತೋಳು ತಿರುಚಿ ಸೋಲಿಸಿದರು, ಆ ಪಟ್ಟನ್ನು ಜಿಯು-ಜಿತ್ಸುವಿನವರೇ ಇಂದಿಗೂ ಕಿಮುರಾ ಎಂದು ಕರೆಯುತ್ತಾರೆ. ಸೋಲಿಸಿದವನ ಹೆಸರಿನಿಂದಲೇ ಪಟ್ಟನ್ನು ಕರೆಯುವ ಈ ದೊಡ್ಡತನ ನನಗೆ ಬಹಳ ಇಷ್ಟ.

ಸದಾನಂದ, ರಾತ್ರಿ 10:38
ಎಲ್ಲವೂ ಒಬ್ಬ ಎದುರಾಳಿ ಇರುವ ಪಂದ್ಯಗಳ ಉದಾಹರಣೆಗಳೇ ಆದವು. ಯುಎಫ್‌ಸಿಯ ಮೊದಲ ಪಂದ್ಯಕೂಟವನ್ನು 1993ರಲ್ಲಿ ಏರ್ಪಡಿಸಿದವರಲ್ಲಿ ಗ್ರೇಸಿ ಮನೆತನದವನೇ ಇದ್ದನೆಂಬುದನ್ನೂ ನೀನು ಹೇಳಬೇಕಿತ್ತು. ಇಬ್ಬರು ಬಂದರೆ ನಿನ್ನ ಗಾರ್ಡ್ ಏನು ಮಾಡುತ್ತದೆ?

ಸುಮತಿ, ರಾತ್ರಿ 11:02
ನೀವು ಹೇಳಿದ್ದು ನಿಜ ಸದಾನಂದಣ್ಣ. ರೋರಿಯನ್ ಗ್ರೇಸಿ ಏರ್ಪಡಿಸಿದ ಕೂಟದಲ್ಲಿ ಅವನ ತಮ್ಮ ರಾಯ್ಸ್ ಗೆದ್ದ, ಮತ್ತು ಅಂದಿನ ಎದುರಾಳಿಗಳಲ್ಲಿ ಕೆಲವರು ನೆಲದ ಕಾದಾಟವನ್ನು ಕಂಡೇ ಇರಲಿಲ್ಲ. ಇಬ್ಬರು ಬಂದರೆ ನೆಲದಲ್ಲಿ ಉಳಿಯುವುದು ಅಪಾಯ ಎಂಬುದನ್ನೂ ಪೂರ್ತಿ ಒಪ್ಪುತ್ತೇನೆ. ಆದರೆ ಬೀಳುವುದು ಬಿಡುವುದು ನಮ್ಮ ಕೈಯಲ್ಲಿಲ್ಲವಲ್ಲ. ಕೂದಲು ಹಿಡಿದು ಎಳೆದರೆ, ಮೆಟ್ಟಿಲು ಜಾರಿದರೆ, ಹಿಂದಿನಿಂದ ನೂಕಿದರೆ ಬ್ಲಾಕ್ ಬೆಲ್ಟ್ ಆದವರೂ ಬೀಳುತ್ತಾರೆ. ಓಡಬೇಕೆಂದು ನೀವು ಹೇಳುತ್ತೀರಿ. ಓಡುವುದಕ್ಕೆ ಮೊದಲು ಏಳಬೇಕು. ಮಗಳು ನೆಲದ ವಿದ್ಯೆ ಕಲಿಯಬೇಕೆಂದು ನಾನು ಹೇಳುವುದು ನೆಲದಿಂದ ಏಳುವುದಕ್ಕಾಗಿಯೇ.

ಅದನ್ನು ಕಲಿಸುವ ಬಗೆಯನ್ನು ಹೇಳುತ್ತೇನೆ, ಮನೆಯಲ್ಲಿ ಚಾಪೆ ಹಾಸಿ ನೀವೂ ಮಾಡಿ ನೋಡಬಹುದು. ಕುಳಿತಲ್ಲಿ ಒಂದು ಅಂಗೈಯನ್ನು ಬೆನ್ನ ಹಿಂದೆ ನೆಲಕ್ಕೆ ಊರಬೇಕು, ಇನ್ನೊಂದು ಕೈ ಮುಖದ ಮುಂದೆ ಅಡ್ಡವಾಗಿರಬೇಕು. ಊರಿದ ಕೈಯ ಕಡೆಯ ಕಾಲನ್ನು ಮುಂದೆ ಚಾಚಿ ಎದುರಿನವನ ಮಂಡಿಗೋ ಮೊಣಕಾಲಿನ ಕೆಳಗೋ ಒದೆಯಲು ಸಿದ್ಧವಾಗಿಟ್ಟು, ಇನ್ನೊಂದು ಪಾದವನ್ನು ನೆಲಕ್ಕೆ ಊರಿರಬೇಕು. ಬಳಿಕ ಊರಿದ ಕೈ ಮತ್ತು ಪಾದದ ಮೇಲೆ ಸೊಂಟವನ್ನೆತ್ತಿ, ಚಾಚಿದ ಕಾಲನ್ನು ತನ್ನ ಅಡಿಯಿಂದ ಹಿಂದಕ್ಕೆಳೆದು ನಿಲ್ಲಬೇಕು. ಇಡೀ ಹೊತ್ತು ಕಣ್ಣು ಎದುರಿನವನ ಮೇಲಿರುತ್ತದೆ, ಬೆನ್ನು ಅವನಿಗೆ ಎಂದೂ ಸಿಗುವುದಿಲ್ಲ. ಮೇಲೆ ಕುಳಿತವನನ್ನು ಉರುಳಿಸುವುದಕ್ಕೆ, ಅವನ ಅಡಿಯಿಂದ ಸೊಂಟವನ್ನು ಪಕ್ಕಕ್ಕೆ ಜಾರಿಸಿ ಮಂಡಿಯನ್ನು ಒಳಗೆ ತೂರಿಸುವುದಕ್ಕೆ ಬೇರೆ ಪಾಠಗಳಿವೆ. ನಮ್ಮ ತರಗತಿಯಲ್ಲಿ 80 ಕಿಲೋ ತೂಗುವ ಹುಡುಗನೊಬ್ಬ ನನ್ನ ಎದೆಯ ಮೇಲೆ ಕುಳಿತು ಏಳಲು ಬಿಡುವುದಿಲ್ಲ, ನಾನು ಬೆವರಿನಲ್ಲಿ ತೊಯ್ದು ಐದು ನಿಮಿಷ ಹೆಣಗುತ್ತೇನೆ. ಹತ್ತು ಸಲದಲ್ಲಿ ಆರೇಳು ಸಲ ಆಗುವುದಿಲ್ಲ. ಆದರೂ ಎದೆಯ ಮೇಲೆ ಭಾರ ಬಿದ್ದಾಗ ಉಸಿರು ಕಟ್ಟುವ ಹೆದರಿಕೆ ಮೂರು ತಿಂಗಳಲ್ಲಿ ನನ್ನನ್ನು ಬಿಟ್ಟು ಹೋಯಿತು.

ನಾನು ಶೈಲಿಯ ಹೆಸರಿಗಿಂತ, ನಿಜವಾಗಿ ಬಲ ಹಾಕಿ ಎದುರಿಸುವವನ ಜೊತೆ ಹೆಣಗುವ ಈ ಅಭ್ಯಾಸವನ್ನೇ ಹೆಚ್ಚಾಗಿ ನೋಡುತ್ತೇನೆ. ಕಾನೊ ಜಪಾನಿನ ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ರಾಂಡೋರಿ ಎಂಬ ಮುಕ್ತ ಅಭ್ಯಾಸದ ಕಾದಾಟದಿಂದ ಹೊರಗಿಟ್ಟರು, ಅದರಿಂದಾಗಿ ಉಳಿದದ್ದನ್ನು ಇಬ್ಬರೂ ಪೂರ್ಣ ಬಲ ಹಾಕಿ ದಿನವೂ ಅಭ್ಯಾಸ ಮಾಡಲು ಸಾಧ್ಯವಾಯಿತು. ವಿಠ್ಠಲಣ್ಣನ ಗರಡಿಯ ಜೋರ್ ಇದೇ, ಜಿಯು-ಜಿತ್ಸುವಿನಲ್ಲಿ ಒಬ್ಬರು ಟ್ಯಾಪ್ ಮಾಡುವವರೆಗೆ, ಎಂದರೆ ಸೋಲೊಪ್ಪಿ ಕೈ ತಟ್ಟುವವರೆಗೆ, ನಡೆಯುವ ಸ್ಪಾರಿಂಗ್ ಕೂಡ ಇದೇ. ಎದುರಾಳಿ ಇಲ್ಲದೆ ಗಾಳಿಯಲ್ಲಿ ಕಾತಾ ಎಂಬ ವರಸೆ ಮಾಡಿಸಿ ಬೆಲ್ಟ್ ಕೊಡುವ ತರಗತಿಯಲ್ಲಿ ಇದು ಸಿಗುವುದಿಲ್ಲ. ಕ್ಯೊಕುಶಿನ್‌ನಂತೆ ಮೈಗೆ ನಿಜವಾಗಿ ಹೊಡೆದಾಡುವ ಕರಾಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಎರಡು ಗಂಟೆಯ ಆತ್ಮರಕ್ಷಣೆ ಶಿಬಿರಕ್ಕೆ ನೆರವಾಗಲು ಹೋಗಿದ್ದೆ. ಕಣ್ಣಿಗೆ ಬೆರಳು, ಗಂಟಲಿಗೆ ಏಟು ಎಂದು ಹತ್ತು ಚಮತ್ಕಾರಗಳನ್ನು ತೋರಿಸಿ ಪ್ರಮಾಣಪತ್ರ ಹಂಚಿದರು, ಯಾವ ಹುಡುಗಿಯ ಮಣಿಕಟ್ಟನ್ನೂ ಯಾರೂ ಒಮ್ಮೆಯೂ ಬಿಗಿಯಾಗಿ ಹಿಡಿಯಲಿಲ್ಲ. ಆ ಹುಡುಗಿಯರು ನಗುತ್ತ ಧೈರ್ಯವಾಗಿ ಮನೆಗೆ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಕಳವಳವಾಗುತ್ತದೆ.

ಸದಾನಂದ, ರಾತ್ರಿ 11:09
ಆ ಶಿಬಿರಗಳ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅದೇ. ನನ್ನ ತರಗತಿಯಲ್ಲಿ ಸ್ಪಾರಿಂಗ್ ಇದೆ, ಆದರೆ ಬಿದ್ದ ಹುಡುಗ ಎದ್ದು ನಿಲ್ಲುವವರೆಗೆ ನಾನೇ ಪಂದ್ಯ ನಿಲ್ಲಿಸುತ್ತೇನೆ ಎಂಬುದು ಈಗ ನೆನಪಿಗೆ ಬಂತು. ಅದನ್ನು ಕುರಿತು ಯೋಚಿಸಬೇಕಾಗಿದೆ. ಅಂತರ ಕಾಯುವುದನ್ನು, ಗಟ್ಟಿಯಾಗಿ ಕೂಗುವುದನ್ನು ಮಾತ್ರ ಬಿಡಬಾರದು. ಹತ್ತರಲ್ಲಿ ಒಂಬತ್ತು ಸಲ ಅಲ್ಲಿಯೇ ಮುಗಿಯಬೇಕು ಎಂಬುದು ನನ್ನ ಆಸೆ.

ಶ್ರೀನಿವಾಸ (ಠಾಣೆ), ರಾತ್ರಿ 11:15
ವಕೀಲನಾಗಿ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂದು 37ನೆಯದು ಹೇಳುತ್ತದೆ. ಕುತ್ತಿಗೆ ಪಟ್ಟು ಸರಿಯಾಗಿ ಬಿದ್ದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ ಎಂದು ಕೇಳಿದ್ದೇನೆ. ಎದುರಿನವನು ಸಡಿಲಗೊಂಡ ಮೇಲೂ ಬಿಗಿದಿದ್ದರೆ ಅದು ರಕ್ಷಣೆಯಾಗಿ ಉಳಿಯುವುದಿಲ್ಲ. ಕಲಿಸುವವರು ಇದನ್ನೂ ಹೇಳಬೇಕು.

ಸುಮತಿ, ರಾತ್ರಿ 11:21
ಒಳ್ಳೆಯ ಮಾತು ಶ್ರೀನಿವಾಸ. ಪುಷ್ಪಕ್ಕ, ದುಡ್ಡು ಕಟ್ಟುವ ಮೊದಲು ಒಂದು ದಿನ ಮಗಳ ಜೊತೆ ಹೋಗಿ ಗೋಡೆಯ ಬಳಿ ಕುಳಿತು ನೋಡಿ. ಹೊಸಬರು ಮೊದಲ ತಿಂಗಳಲ್ಲೇ ಎದುರಾಳಿಯ ಜೊತೆ ಹೆಣಗುತ್ತಾರೆಯೇ, ಟ್ಯಾಪ್ ಮಾಡಿದ ಕೂಡಲೇ ಬಿಡುತ್ತಾರೆಯೇ, ಬೇರೆ ಹೆಂಗಸರು ಇದ್ದಾರೆಯೇ, ನೆಲದಿಂದ ಎದ್ದು ನಿಲ್ಲುವ ಪಾಠ ಇದೆಯೇ ಅಥವಾ ಪದಕದ ಪಾಠ ಮಾತ್ರವೇ, ಇವನ್ನು ಗಮನಿಸಿ. ಹತ್ತಿರದಲ್ಲಿ ಜಿಯು-ಜಿತ್ಸು ಸಿಗದಿದ್ದರೆ ಒಳ್ಳೆಯ ಜೂಡೋ ತರಗತಿಗೆ ಹಾಕಿ, ಬೀಳುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ವಿದ್ಯೆಯನ್ನು ನಾನು ಕಂಡಿಲ್ಲ. ಆಮೆಯಂತೆ ಮುದುಡಿಕೊಳ್ಳುವುದೊಂದನ್ನು ಮಾತ್ರ ನಾನು ಅವಳಿಂದ ಬಿಡಿಸುತ್ತೇನೆ.

ವಿಠ್ಠಲ, ರಾತ್ರಿ 11:26
ಪುಷ್ಪಾ, ದೀಪಾವಳಿಗೆ ಮಗಳನ್ನು ಪುಣೆಗೆ ಕರೆದುಕೊಂಡು ಬಾ. ನನ್ನ ಮೊಮ್ಮಗಳೂ ಕುಸ್ತಿ ಕಲಿಯುತ್ತಿದ್ದಾಳೆ. ಅವಳು ಇವಳನ್ನು ಕೆಡವಲಿ, ಇವಳು ಬಿದ್ದಲ್ಲಿಂದ ಏನು ಮಾಡುತ್ತಾಳೆಂದು ನಾನು ಕಣ್ಣಾರೆ ನೋಡಬೇಕು.

ಪುಷ್ಪಾ, ರಾತ್ರಿ 11:30
ಖಂಡಿತ ಬರುತ್ತೇವೆ ವಿಠ್ಠಲಣ್ಣ. ಶನಿವಾರ ತರಗತಿ ನೋಡಲು ಹೋಗುತ್ತೇವೆ. ಸುಮತಿ, ಬಿಡುವಿದ್ದರೆ ನೀನೂ ದಾದರಿನಿಂದ ನಮ್ಮ ಜೊತೆ ಬಾ. ಉಗುರು ಉದ್ದ ಇದ್ದರೆ ಮ್ಯಾಟಿನ ಮೇಲೆ ಬಿಡುವುದಿಲ್ಲ ಎಂದು ಎಲ್ಲೋ ಓದಿ, ಅವಳು ಈಗ ಪಕ್ಕದಲ್ಲೇ ಕುಳಿತು ಕತ್ತರಿಸಿಕೊಳ್ಳುತ್ತಿದ್ದಾಳೆ.