ಅತ್ತಿಗೆ, ಚೀಟಿಯ ಅಕ್ಷರ ಬಿಡಿ, ಟೇಪು ಹಿಡೀರಿ

ಅತ್ತಿಗೆ, ನಿಮ್ಮ ಮೆಸೇಜು ಈಗಷ್ಟೇ ಕೇಳಿದೆ. ದಾದರಿನಲ್ಲಿ ತಗೊಂಡ ಎಂ ಕುರ್ತಿ ಸಮ ಕೂತಿದೆ, ಠಾಣೆಯ ಮಾಲಿನಲ್ಲಿ ಎಲ್ ಹಾಕಿದ್ರೆ ರಟ್ಟೆಯೇ ಒಳಗೆ ಹೋಗ್ಲಿಲ್ಲ, ಆನ್‌ಲೈನಿನಲ್ಲಿ ತರಿಸಿದ ಎಕ್ಸೆಲ್ ಭುಜದಿಂದ ಜಾರ್ತದೆ, ಮೂರು ತಿಂಗಳಲ್ಲಿ ನಾನು ಇಷ್ಟು ದಪ್ಪ ಆದೆನಾ ಅಂತ ಕೇಳಿದ್ರಿ. ನಿಮ್ಮ ಮೈಗೆ ಎಂತದೂ ಆಗ್ಲಿಲ್ಲ. ಆ ಮೂರು ಅಂಗಡಿಯ ಅಕ್ಷರಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ, ಅಷ್ಟೇ. ಸ್ವಲ್ಪ ಉದ್ದ ಆಗ್ತದೆ, ಅಡುಗೆ ಮಾಡ್ತಾ ಕೇಳಿ. ಹುಡುಗಿಯರೂ ಕೇಳಿ, ಎಲ್ಲರಿಗೂ ಬೇಕಾದ್ದೇ.

ಎಂ ಅಂದ್ರೆ ಎಷ್ಟು ಇಂಚು ಅಂತ ಯಾರೂ ಕಟ್ಟುನಿಟ್ಟು ಮಾಡಿಲ್ಲ. ರೆಡಿಮೇಡಿನ ಚೀಟಿಯಲ್ಲಿ ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರಿನಲ್ಲೂ ಅಳತೆ ಹಾಕ್ಬೇಕು ಅಂತ ಕಾನೂನುಮಾಪನದ, ಅಂದ್ರೆ ಸರಕಾರದ ತೂಕ-ಅಳತೆಯ ನಿಯಮ ಉಂಟು, ಆದ್ರೆ ಎಂ ಹಾಕಿದವರು ಇಷ್ಟೇ ಸೆಂಟಿಮೀಟರ್ ಇಡ್ಬೇಕು ಅಂತ ಅದರಲ್ಲಿ ಇಲ್ಲ. ಒಬ್ಬ ಕಂಪನಿಯವನು 36 ಇಂಚು ಎದೆಯವರಿಗೆ ಎಂ ಅಂತಾನೆ, ಇನ್ನೊಬ್ಬ 38ಕ್ಕೆ. ಪ್ರತಿ ಕಂಪನಿಯಲ್ಲೂ ಒಬ್ಬಳು ಹುಡುಗಿಯ ಮೈಮೇಲೆ ಮೊದಲ ಪೀಸು ಹಾಕಿ ಸರಿ ಮಾಡ್ತಾರೆ. ಆಮೇಲೆ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜ್ ಮಾಡೋದು, ಒಂದೊಂದು ಸೈಜಿಗೆ ಸಾಧಾರಣ 2 ಇಂಚು. ಆ ಹುಡುಗಿಯ ರಟ್ಟೆ ಸಪೂರ ಇದ್ರೆ ಎಕ್ಸೆಲ್ ತನಕವೂ ರಟ್ಟೆ ಸಪೂರವೇ. ಠಾಣೆಯಲ್ಲಿ ನಿಮಗೆ ಆದದ್ದು ಇದೇ ಇರ್ಬೇಕು. ಇನ್ನು ಎಕ್ಸೆಲ್ ಜಾರೋದು ಯಾಕೆ ಅಂದ್ರೆ, ಸೈಜ್ ಏರಿದ ಹಾಗೆ ಎದೆ, ತೋಳಿನ ಜೊತೆ ಭುಜ ಮತ್ತು ಕುತ್ತಿಗೆಯೂ ಅಗಲ ಆಗ್ತಾ ಹೋಗ್ತದೆ. ಎದೆ ತುಂಬಿದ್ರೂ ಭುಜ ಸಣ್ಣ ಇರುವ ಹೆಂಗಸರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರಲ್ಲ, ಆ ಲೆಕ್ಕ ಕಂಪನಿಯವರು ಬಟ್ಟೆ ಕತ್ತರಿಸ್ಲಿಕ್ಕೆ ಇಡುವ ಪೇಪರ್ ಪ್ಯಾಟರ್ನಿಗೆ ಗೊತ್ತಿಲ್ಲ.

ಇದು ಹೊಸ ತಾಪತ್ರಯವೂ ಅಲ್ಲ. ಅಮೆರಿಕದಲ್ಲಿ 1939–40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆದು, 1958ರಲ್ಲಿ ಒಂದು ಸರಕಾರಿ ಸೈಜ್ ಪಟ್ಟಿ ಮಾಡಿದ್ರು. ಕಂಪನಿಗಳು ಅದನ್ನು ಪಾಲಿಸದೆ 1983ರಲ್ಲಿ ವಾಪಸ್ ತಗೊಂಡ್ರು. ದೊಡ್ಡ ಬಟ್ಟೆಗೆ ಸಣ್ಣ ನಂಬರ್ ಹಾಕಿದ್ರೆ ಹೆಂಗಸರು ಖುಷಿಯಲ್ಲಿ ತಗೊಳ್ತಾರೆ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ನಮ್ಮಲ್ಲಿ ಫ್ಯಾಷನ್ ಕಲಿಸುವ ಸರಕಾರಿ ಸಂಸ್ಥೆ ನಿಫ್ಟ್‌ನವರು ಇಂಡಿಯಾಸೈಜ್ ಅಂತ ಒಂದು ಯೋಜನೆ ಹಿಡಿದ್ರು: ಮುಂಬಯಿ ಸೇರಿ 6 ನಗರಗಳಲ್ಲಿ 15ರಿಂದ 65 ವರ್ಷದ 25,000ಕ್ಕಿಂತ ಹೆಚ್ಚು ಜನರನ್ನು 3-ಡಿ ಸ್ಕ್ಯಾನರಿನಲ್ಲಿ ಅಳೆಯೋದು. ಇಷ್ಟು ವರ್ಷ ಹೊರದೇಶದ ಪಟ್ಟಿಯನ್ನೇ ಅಲ್ಪಸ್ವಲ್ಪ ತಿದ್ದಿ ನಡೆಸಿದ್ದು, ಅದಕ್ಕೇ ಆ ಯೋಜನೆ ಬೇಕಾದದ್ದು.

ಈಗ ಮುಖ್ಯ ಸಂಗತಿ. ನಂಬರ್ ಹಾಕಿದ ಚೀಟಿ, 38 ಅಂತ ಇಟ್ಕೊಳ್ಳಿ. ಒಂದು ಅಂಗಡಿಯಲ್ಲಿ 38 ಅಂದ್ರೆ 38 ಇಂಚು ಎದೆ ಇರುವವರಿಗೆ ಅಂತ, ಆಗ ಬಟ್ಟೆಯ ಸುತ್ತು 41 ತನಕ ಇರ್ತದೆ. ಇನ್ನೊಂದರಲ್ಲಿ ಬಟ್ಟೆಯೇ 38, ಅದು 35 ಎದೆಯವರಿಗೆ. ಎರಡಕ್ಕೂ ಒಂದೇ ನಂಬರ್! ಚೀಟಿಯಲ್ಲಿ ‘ಟು ಫಿಟ್ ಬಸ್ಟ್’ ಅಂತ ಇದ್ರೆ ಅದು ಮೈಯಳತೆ, ‘ಗಾರ್ಮೆಂಟ್ ಚೆಸ್ಟ್’ ಅಂತ ಇದ್ರೆ ಬಟ್ಟೆಯ ಅಳತೆ. ಸೆಂಟಿಮೀಟರನ್ನು 2.54ರಿಂದ ಭಾಗಿಸಿದ್ರೆ ಇಂಚು, 96 ಸೆಂಟಿಮೀಟರ್ ಅಂದ್ರೆ ಹತ್ತಿರಹತ್ತಿರ 38. ಆನ್‌ಲೈನಿನಲ್ಲಿ ಒಂದೇ ಆ್ಯಪಿನಲ್ಲಿ ನೂರು ಮಾರುವವರು, ಒಬ್ಬೊಬ್ಬರದು ಒಂದೊಂದು ಚಾರ್ಟು. ಆ ಬಟ್ಟೆಯ ಕೆಳಗಿರುವ ಚಾರ್ಟನ್ನೇ ತೆರೆದು, ಮೈಯದ್ದಾ ಬಟ್ಟೆಯದ್ದಾ ಅಂತ ನೋಡಿ.

ಅದಕ್ಕೆ ನಾನು ಹೇಳೋದು, ನಿಮ್ಮ ಎಂ ಕುರ್ತಿಯನ್ನೇ ಸೇರು-ಪಾವು ಮಾಡ್ಕೊಳ್ಳಿ. ಒಗೆದು ಇಸ್ತ್ರಿ ಹಾಕಿದ ಮೇಲೆ ಮಂಚದ ಮೇಲೆ ಬೇಡ, ಹಾಸಿಗೆ ತಗ್ಗುತ್ತದೆ, ನೆಲದ ಮೇಲೆ ಹಾಸಿ. ಗುಂಡಿ ಹಾಕಿ, ಅಂಗೈಯಲ್ಲಿ ಸವರಿ ಸುಕ್ಕು ತೆಗೀರಿ, ಎಳೀಬೇಡಿ. ಕಂಕುಳ ಹೊಲಿಗೆಯಿಂದ 1 ಇಂಚು ಕೆಳಗೆ ಈ ಬದಿಯಿಂದ ಆ ಬದಿಗೆ ಟೇಪು ಇಡಿ, ಬಂದದ್ದನ್ನು ಎರಡರಿಂದ ಗುಣಿಸಿ, ಅದು ಎದೆ. ಭುಜ, ಈ ತೋಳಿನ ಹೊಲಿಗೆಯಿಂದ ಆ ತೋಳಿನ ಹೊಲಿಗೆಗೆ. ಕಂಕುಳದ ಆಳ, ಭುಜದ ತುದಿಯಿಂದ ಕಂಕುಳ ಹೊಲಿಗೆಗೆ ನೇರ. ರಟ್ಟೆ, ಕಂಕುಳದಿಂದ 1 ಇಂಚು ಕೆಳಗೆ ತೋಳಿಗೆ ಅಡ್ಡ, ಇದನ್ನೂ ಎರಡರಿಂದ ಗುಣಿಸಿ. ಸೊಂಟವೂ ಹಾಗೇ. ಆಮೇಲೆ ಬದಿಯ ಸೀಳು ಶುರುವಾಗುವ ಜಾಗದ ಅಗಲ, ಇದನ್ನು ಮರೀಬೇಡಿ, ಹೆಚ್ಚಿನವರಿಗೆ ಕುರ್ತಿ ಕೂತಾಗ ಹಿಡಿಯೋದು ಅಲ್ಲೇ. ಕೊನೆಗೆ ಉದ್ದ, ಕುತ್ತಿಗೆ ಪಕ್ಕದ ಭುಜದಿಂದ ಅಂಚಿನ ತನಕ. ಏಳು ಅಳತೆ ಆಯ್ತು. ಮೊಬೈಲಿನಲ್ಲಿ ಬರೆದಿಡಿ. ಯಾವ ಅಂಗಡಿಗೆ ಹೋದ್ರೂ ಇದೇ ಏಳು.

ಮೈಯಳತೆಯಿಂದ ಲೆಕ್ಕ ಮಾಡೋದಾದ್ರೆ ಹಿಗ್ಗದ ಬಟ್ಟೆಯ ನೇರ ಕುರ್ತಿಗೆ ಎದೆಗಿಂತ 3ರಿಂದ 4 ಇಂಚು ಹೆಚ್ಚು ಬೇಕು. ಅಂದ್ರೆ 37 ಎದೆಗೆ 40–41ರ ಬಟ್ಟೆ. ರಟ್ಟೆಗೆ ಒಂದೂವರೆಯಿಂದ 2 ಇಂಚು ಹೆಚ್ಚು ಬೇಕು, ಲೈನಿಂಗ್ ಇದ್ರೆ ಕಡಿಮೆ ಮಾಡ್ಲೇಬೇಡಿ. ಬನಿಯನ್ ಬಟ್ಟೆಯ ಹಾಗೆ ಹಿಗ್ಗುವುದಕ್ಕೆ ಈ ಲೆಕ್ಕ ಬೇಡ.

ಹಾಂ, ಒಂದೇ ರಾಶಿಯ ಎರಡು ಎಂ ಕೂಡ ಒಂದೇ ಇರೋದಿಲ್ಲ. ಹತ್ತಾರು ಪದರ ಬಟ್ಟೆ ಒಟ್ಟಿಗೆ ಇಟ್ಟು ಮಿಷನ್ ಬ್ಲೇಡಿನಲ್ಲಿ ಕತ್ತರಿಸ್ತಾರೆ, ಬ್ಲೇಡು ಸ್ವಲ್ಪ ವಾಲಿದ್ರೆ ಮೇಲಿನ ಪದರಕ್ಕೂ ಕೆಳಗಿನದಕ್ಕೂ ವ್ಯತ್ಯಾಸ. ಆಮೇಲೆ ಹೊಲಿಗೆ. ಬದಿಯ ಹೊಲಿಗೆಯಲ್ಲಿ ಕಾಲು ಇಂಚು ಜಾಸ್ತಿ ಒಳಗೆ ಹಿಡಿದ್ರೆ ಏನಾಗ್ತದೆ ನೋಡಿ: ಮುಂದಿನ ಭಾಗಕ್ಕೆ ಎರಡು ಅಂಚು, ಹಿಂದಿನದಕ್ಕೆ ಎರಡು, ನಾಲ್ಕು ಕಾಲು ಸೇರಿ ಸುತ್ತಿನಲ್ಲಿ 1 ಇಂಚು ಹೋಯ್ತು. ಅರ್ಧ ಸೈಜು! ಅದಕ್ಕೆ ಇಷ್ಟವಾದದ್ದರಲ್ಲಿ ಒಂದೇ ಸೈಜಿನ ಎರಡು ಪೀಸು ತೆಗೆಸಿ, ಎರಡನ್ನೂ ಅಳೀರಿ.

ಒಗೆದಾಗಿನ ಕಥೆ ಬೇರೆ. ಹತ್ತಿ 100ಕ್ಕೆ 5ರಷ್ಟು ಕುಗ್ಗಿದ್ರೂ 40 ಇಂಚಿನ ಸುತ್ತು 38 ಆಗ್ತದೆ, 44ರ ಉದ್ದ 42ಕ್ಕೂ ಕೆಳಗೆ ಇಳೀತದೆ. ರೇಯಾನ್ ಇನ್ನೂ ಮೋಸ. ಪಾಲಿಯೆಸ್ಟರಿಗೆ ಆ ಚಿಂತೆ ಇಲ್ಲ. ಅಂಗಡಿಯವ ‘ಭಾಭೀ, ಧೋನೇ ಕೇ ಬಾದ್ ಸೆಟ್ ಹೋ ಜಾಯೇಗಾ’, ಒಗೆದ ಮೇಲೆ ಸರಿ ಕೂರ್ತದೆ ಅಂತ ಹೇಳಿದ್ರೆ ನಂಬ್ಬೇಡಿ, ಬಿಗಿ ಇದ್ದ ಹತ್ತಿ ಒಗೆದ ಮೇಲೆ ಇನ್ನೂ ಬಿಗಿ ಆಗೋದು.

ದಾದರಿನ ಬಟ್ಟೆ ಮಾರುಕಟ್ಟೆ ಹಿಂದಮಾತಾದಲ್ಲಿ ಎಷ್ಟೋ ಕಡೆ ಹಾಕಿ ನೋಡ್ಲಿಕ್ಕೆ ಬಿಡೋದಿಲ್ಲ, ಬದಲಾಯಿಸಿ ಕೊಡೋದೂ ಇಲ್ಲ. ಪರ್ಸಿನಲ್ಲಿ ಟೇಪು ಇಟ್ಕೊಂಡು ಹೋಗಿ, ಕೌಂಟರಿನ ಮೇಲೆ ಹಾಸಿ ಅಳೀರಿ, ನಾಚಿಕೆ ಪಡ್ಬೇಡಿ. ಲಿಂಕಿಂಗ್ ರೋಡ್, ಫ್ಯಾಷನ್ ಸ್ಟ್ರೀಟಿನಲ್ಲಿ ಎಕ್ಸ್‌ಪೋರ್ಟಿನ ಉಳಿಕೆ ಮಾಲು ಸಿಗ್ತದಲ್ಲ, ಅದರಲ್ಲಿ ಅಮೆರಿಕದ 8 ಅಂದ್ರೆ ಬ್ರಿಟನ್ನಿನ 12, ಯುರೋಪಿನದ್ದು 40ರ ಹತ್ತಿರ. ಚೀಟಿ ಕತ್ತರಿಸಿರ್ತಾರೆ, ಯಾವ ದೇಶದ್ದು ಅಂತ ತಿಳಿಯದೆ ನಂಬರ್ ಮಾತ್ರ ಕೇಳಿ ತಗೊಂಡ್ರೆ ಎರಡು ಸೈಜ್ ತಪ್ತದೆ. ಜೀನ್ಸಿನಲ್ಲಿ 30 ಅಂತ ಇದ್ರೆ ಸೊಂಟದ ಪಟ್ಟಿ ಅಳೆದ್ರೆ 31, 32 ಬರೋದು ಮಾಮೂಲು. ಫ್ರೀ ಸೈಜ್ ಪಲಾಜೋ ಆದ್ರೆ ಇಲಾಸ್ಟಿಕ್ ಬಿಟ್ಟು ಒಮ್ಮೆ, ಎಳೆದು ಒಮ್ಮೆ ಅಳೀರಿ.

ಯಾವುದೂ ಪೂರ್ತಿ ಹೊಂದದಿದ್ರೆ ಏನು ಆರಿಸೋದು? ಭುಜ ಮತ್ತು ರಟ್ಟೆ ಸರಿ ಇರುವುದನ್ನು. ಎದೆ, ಸೊಂಟ ದೊಡ್ಡದಾದ್ರೆ ಬದಿಯಲ್ಲಿ ಹಿಡಿಯಬಹುದು, ಸುತ್ತಿನಲ್ಲಿ 2 ಇಂಚು ತನಕ ಚಂದ ಬರ್ತದೆ, ಅದಕ್ಕಿಂತ ಹೆಚ್ಚು ಹಿಡಿದ್ರೆ ಕಂಕುಳದ ಆಕಾರ ಕೆಡ್ತದೆ. ಭುಜ ಕಡಿಮೆ ಮಾಡ್ಲಿಕ್ಕೆ ತೋಳು ಬಿಚ್ಚಿ ಮತ್ತೆ ಕೂರಿಸ್ಬೇಕು, ಅಷ್ಟು ಮಾಡುವ ಮಾಸ್ಟರ್ ಸಿಗೋದು ಕಷ್ಟ. ಬಿಗಿ ಇರುವುದನ್ನು ಬಿಡಿಸಿ ಹಾಕೋಣ ಅಂದ್ಕೊಂಡ್ರೆ ಮೊದಲು ಒಳಗೆ ತಿರುಗಿಸಿ ಮಾರ್ಜಿನ್, ಅಂದ್ರೆ ಹೊಲಿಗೆಯ ಆಚೆ ಬಿಟ್ಟ ಬಟ್ಟೆ ಎಷ್ಟುಂಟು ನೋಡಿ. ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ ಅಂಚು ಬಿಚ್ಚದ ಹಾಗೆ ಓವರ್‌ಲಾಕ್ ಹೊಲಿಗೆ ಹೊಡೆದಿದ್ರೆ ಬಿಡಿಸ್ಲಿಕ್ಕೆ ಬಟ್ಟೆಯೇ ಇಲ್ಲ. ಅರ್ಧ ಇಂಚು ಮಾರ್ಜಿನ್ ಇದ್ರೆ ಅದರಲ್ಲಿ ಕಾಲು ಇಂಚು ಬಿಡಿಸಿ ಸುತ್ತಿನಲ್ಲಿ 1 ಇಂಚು ಸಿಗ್ತದೆ. ರೇಷ್ಮೆ, ಸ್ಯಾಟಿನ್ ಬಿಚ್ಚಿಸ್ಬೇಡಿ, ಹಳೆ ಸೂಜಿಯ ತೂತು ಕಾಣ್ತದೆ. ರೆಡಿಮೇಡ್ ಬ್ಲೌಸಿಗೆ ಒಳಗೆ ಹೆಚ್ಚು ಮಾರ್ಜಿನ್ ಬಿಟ್ಟಿರ್ತಾರೆ, ಆದ್ರೆ ಅದು ಬದಿಗೆ ಮಾತ್ರ. ಕಂಕುಳ ಸಣ್ಣದಾದ್ರೆ ಅದು ಉಪಕಾರಕ್ಕೆ ಬರೋದಿಲ್ಲ.

ನಿಮ್ಮ ಆ ಎಕ್ಸೆಲ್ ವಾಪಸ್ ಕಳಿಸುವ ದಿನ ಮುಗಿದಿದ್ರೆ ಬೇಸರ ಮಾಡ್ಬೇಡಿ. ಭುಜದ ಹೊಲಿಗೆಯಲ್ಲಿ ಕುತ್ತಿಗೆಯ ಬದಿಗೆ ಕಾಲು ಇಂಚು ಹಿಡಿಸಿ, ಹಿಂದೆ ಕುತ್ತಿಗೆಗೆ ಒಂದು ದಾರ ಕಟ್ಟಿಸಿ, ಜಾರೋದು ನಿಲ್ತದೆ. ಭಾನುವಾರ ದಾದರಿಗೆ ಹೋಗುವ ಮೊದಲು ಎಂ ಕುರ್ತಿಯ ಏಳೂ ಅಳತೆ ಇಲ್ಲಿ ಹಾಕಿ ಅತ್ತಿಗೆ, ಯಾವುದರಲ್ಲಿ ಎಷ್ಟು ಹೆಚ್ಚುಕಡಿಮೆ ಆದ್ರೂ ನಡೀತದೆ ಅಂತ ಪಕ್ಕದಲ್ಲಿ ಬರೆದು ಕಳಿಸ್ತೇನೆ.