ತಾರಾಲಯ ಆ್ಯಪ್‌ನಲ್ಲಿ ಗ್ರಹ ಪಕ್ಕಕ್ಕೆ ಸರಿದು ಕಾಣುತ್ತಿದೆ, ಯಾಕೆ?

ಪ್ರಶ್ನೆ: ಫೋನನ್ನು ಆಕಾಶಕ್ಕೆ ಹಿಡಿದರೆ ಆ್ಯಪ್‌ನಲ್ಲಿ ಗುರು ಗ್ರಹ ನಿಜವಾದ ಜಾಗಕ್ಕಿಂತ ಎರಡು ಮುಷ್ಟಿಯಷ್ಟು ಎಡಕ್ಕೆ ಬರುತ್ತದೆ. ಎತ್ತರ ಮಾತ್ರ ಸರಿಯಿದೆ. ಪರದೆ ನೋಡಿ ತಲೆಯೆತ್ತಿದರೆ ಮಂಕು ನಕ್ಷತ್ರಗಳೂ ಕಾಣವು. ಪರಿಹಾರವೇನು?

ಉತ್ತರ 1: ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ 20 ಡಿಗ್ರಿ ತಪ್ಪು, ಅದೂ ದಿಕ್ಕಿನಲ್ಲಿ ಮಾತ್ರ. ಎತ್ತರವನ್ನು ಗುರುತ್ವದಿಂದ ಅಳೆಯುವುದು ಫೋನಿನೊಳಗಿನ ಅಕ್ಸೆಲೆರೋಮೀಟರ್ ಎಂಬ ಸೆನ್ಸರ್, ದಿಕ್ಕಿಗೆ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ದಿಕ್ಸೂಚಿ ಸೆನ್ಸರ್. ಹಾಗಾಗಿ ಅನುಮಾನ ಎರಡನೆಯದರ ಮೇಲೆಯೇ. ಅಯಸ್ಕಾಂತದ ಗುಂಡಿಯಿರುವ ಕವರ್ ಮೊದಲು ಕಳಚಿ. ಕಾರು, ಕಬ್ಬಿಣದ ಕಂಬಿಗಳಿಂದ ಕೆಲವು ಹೆಜ್ಜೆ ದೂರ ನಿಂತು, ಮಣಿಕಟ್ಟು ತಿರುಗಿಸುತ್ತಾ ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ. ಆಗಲೂ ಸರಿಹೋಗದಿದ್ದರೆ ಸೆನ್ಸರ್ ಆಫ್ ಮಾಡಿ ಬೆರಳಿನಿಂದಲೇ ನಕ್ಷೆ ಸರಿಸಿಕೊಳ್ಳಿ. ನನ್ನ ಮಟ್ಟಿಗೆ ಕಲಿಯಲು ಅದೇ ಒಳ್ಳೆಯ ದಾರಿ.

ಉತ್ತರ 2: ಸಮಯವನ್ನೂ ನೋಡಿ. ಒಂದು ಗಂಟೆ ತಪ್ಪಿದರೆ ಆಕಾಶ 15 ಡಿಗ್ರಿ ತಿರುಗಿಬಿಡುತ್ತದೆ. ಆದರೆ ಆಗ ಸಾಮಾನ್ಯವಾಗಿ ಎತ್ತರವೂ ಕೆಡುತ್ತದೆ, ಆದ್ದರಿಂದ ಇಲ್ಲಿ ಅದು ಕಾರಣವಾಗಿರಲಾರದು.

ಉತ್ತರ 3: ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಡಿದರೂ ಸಾಕು, ಮತ್ತೆ ಮೊದಲಿನಿಂದ ಶುರು. ಕೆಂಪು ರಾತ್ರಿ ಮೋಡ್ ಹಾಕಿ, ಹೊಳಪನ್ನು ಕನಿಷ್ಠಕ್ಕೆ ಇಳಿಸಿ, ನೋಟಿಫಿಕೇಶನ್ ನಿಲ್ಲಿಸಿ. ಎಲ್‌ಸಿಡಿ ಪರದೆಯಾದರೆ ಕಪ್ಪು ಭಾಗದಿಂದಲೂ ಬೆಳಕು ಸೋರುತ್ತದೆ. ಮೇಲೆ ಎರಡು ಪದರ ಕೆಂಪು ಸೆಲೊಫೇನ್ ಅಂಟಿಸಿ.

ಪ್ರಶ್ನೆ ಕೇಳಿದವರು: ಕವರ್ ತೆಗೆದ ಕೂಡಲೇ ಗುರು ಜಾಗಕ್ಕೆ ಬಂತು! ಆದರೆ ನಕ್ಷೆಯಲ್ಲಿ ಚುಕ್ಕೆಗಳು ತೀರಾ ಜಾಸ್ತಿ.

ಉತ್ತರ 1: ಕಾಂತಿಮಾನದ (ನಕ್ಷತ್ರದ ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು) ಮಿತಿಯನ್ನು 4ಕ್ಕೆ ಇಳಿಸಿ. ದೀಪಗಳ ನಡುವೆ ಬರಿಗಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ.